ಗೂಳಪ್ಪನ ಬೈಕಿಗೆ ಮಾವನ ಎಣ್ಣೆ

ಮುಂಡಗೋಡ ತಾಲೂಕಿನ ಇಂದೂರಿನ ಗೂಳಪ್ಪನಿಗೆ ಹೆಸರು ಬಂದದ್ದು ಅಜ್ಜನಿಂದ, ಕೆಲಸ ಬಂದದ್ದು ಸರಕಾರದಿಂದ. ಎರಡಕ್ಕೂ ಸಂಬಂಧವಿಲ್ಲವೆಂದು ಅವನು ನೌಕರಿಗೆ ಸೇರಿದ ದಿನದಿಂದ ಹೇಳುತ್ತ ಬಂದಿದ್ದಾನೆ. ಯಾರೂ ನಂಬಿಲ್ಲ. ಹಳ್ಳಿ ಹಳ್ಳಿ ತಿರುಗಿ, ಬೆದೆಗೆ ಬಂದ ಆಕಳು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವನ ಕೆಲಸ. ಜನ ಅದನ್ನು ಇಷ್ಟುದ್ದ ಹೇಳುವುದಿಲ್ಲ. ‘ಗೂಳಿ ಡಾಕ್ಟರ್ರಿಗೆ ಫೋನ್ ಹಚ್ಚು’ ಎನ್ನುತ್ತಾರೆ. ಅವನು ಡಾಕ್ಟರನಲ್ಲ, ಅದನ್ನೂ ಹೇಳಿ ನೋಡಿದ್ದಾನೆ. ಹಳಿಯಾಳದ ಕಡೆ ಯಾವುದಾದರೂ ಕೊಟ್ಟಿಗೆಗೆ ಹೋದರೆ ಯಜಮಾನ ಮಿಶ್ರತಳಿಯ ಕರುವೊಂದನ್ನು ಎಳೆದು ತಂದು ನಿಲ್ಲಿಸಿ, “ನೋಡ್ರಿ, ನಿಮ್ಮ ಮಗಳು ಹೆಂಗ ಬೆಳದಾಳ” ಎನ್ನುವುದುಂಟು. ಗೂಳಪ್ಪ ಕರುವಿನ ಕಣ್ಣು ನೋಡಿ, ಬೆನ್ನು ಸವರಿ, “ಹುಳದ ಔಷಧ ಹಾಕ್ರಿ” ಎಂದು ಹೇಳಿ ಬರುತ್ತಾನೆ.

ವಯಸ್ಸು ನಲವತ್ತಾರು. ಕುಳ್ಳು. ಮಾತು ಕಡಿಮೆ. ಆ ಕಡಿಮೆ ಮಾತಿನಲ್ಲೂ ಹೆಚ್ಚಿನ ಪಾಲು ‘ಹೂಂ’ ಎಂಬುದೇ. ಹೆದರಿಕೆಯಿಂದಲ್ಲ. ‘ಇಲ್ಲ’ ಎಂದರೆ ‘ಯಾಕೆ’ ಎಂದು ಕೇಳುತ್ತಾರೆ, ‘ಹೂಂ’ ಎಂದರೆ ಯಾರೂ ಏನನ್ನೂ ಕೇಳುವುದಿಲ್ಲ ಎಂಬುದನ್ನು ಅವನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದ. ಹೀಗಾಗಿ ಅವನು ಓದದ ಎರಡು ಮಾಸಪತ್ರಿಕೆಗಳಿಗೆ ಚಂದಾದಾರ, ಹಾಡಲು ಬಾರದ ಒಂದು ಭಜನಾ ಮಂಡಳಿಗೆ ಖಜಾಂಚಿ. ಹಳಿಯಾಳಕ್ಕೆ ಹೆಣ್ಣು ನೋಡಲು ಹೋದಾಗ ಆ ಮನೆಯವರು “ಇನ್ನೊಂದಿಷ್ಟು ಉಪ್ಪಿಟ್ಟು ಹಾಕಲೇನ್ರಿ?” ಎಂದು ಕೇಳಿದರು, ಹೂಂ ಎಂದ. ಆಮೇಲೆ “ಹುಡುಗಿ ಮನಸಿಗೆ ಬಂದ್ಲೇನ್ರಿ?” ಎಂದು ಕೇಳಿದರು, ಹೂಂ ಎಂದ. ಎರಡು ಹೂಂಗಳೂ ಒಂದೇ ದನಿಯಲ್ಲಿದ್ದವು ಎಂದು ಹೆಂಡತಿ ಸುನಂದಾ ಇವತ್ತಿಗೂ ಹೇಳುತ್ತಾಳೆ.

ಮೂರು ವರ್ಷದ ಹಿಂದೆ ಮೇಲಧಿಕಾರಿಗಳು, “ಜೋಯಿಡಾದ ಕಡೆ ಅಡವಿ ಹಳ್ಳಿಗೆ ಯಾರೂ ಹೋಗವಲ್ರು. ನೀವು ಹೋಗ್ತೀರೇನ್ರಿ?” ಎಂದು ಕೇಳಿದರು. ಉತ್ತರ ಏನೆಂದು ಹೇಳಬೇಕಾಗಿಲ್ಲ. ಗೂಳಪ್ಪ ದಾಂಡೇಲಿಯಲ್ಲಿ ಬಾಡಿಗೆ ಮನೆ ಹಿಡಿದು, ತನ್ನ ಹಳೆಯ ಬೈಕಿನ ಹಿಂದೆ ದ್ರವ ಸಾರಜನಕದ ಡಬ್ಬಿ ಕಟ್ಟಿಕೊಂಡು ಜೋಯಿಡಾದ ಗುಡ್ಡಗಳನ್ನು ಹತ್ತತೊಡಗಿದ. ಹೋರಿಯ ವೀರ್ಯದ ಕಡ್ಡಿಗಳು ಆ ಡಬ್ಬಿಯ ಕೊರೆಯುವ ಚಳಿಯಲ್ಲಿರುತ್ತವೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಬೆಳಿಗ್ಗೆ ಬೆದೆಗೆ ಬಂದ ಆಕಳಿಗೆ ಸಂಜೆಯೊಳಗೆ ಕಡ್ಡಿ ಮುಟ್ಟಬೇಕು. ತಪ್ಪಿದರೆ ಮುಂದಿನ ಬೆದೆಯವರೆಗೆ ಕಾಯಬೇಕು, ಅಲ್ಲಿಯವರೆಗೆ ರೈತನ ಮುಖ ನೋಡುವುದು ಕಷ್ಟ.

ಹಳೆಯ ಬೈಕು ಒಂದು ಮಳೆಗಾಲ ತಡೆಯಿತು. ಆಮೇಲೆ ಮತ್ತಿಮರದ ಬೇರಿಗೆ ಬಡಿದು ಅದರ ಚೌಕಟ್ಟೇ ಸೀಳಿತು. ಟೆಂಪೋದಲ್ಲಿ ಹಾಕಿಕೊಂಡು ದಾಂಡೇಲಿಗೆ ತಂದಾಗ, ಕೋಗಿಲಬನದ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಹಸನಸಾಬ ಅದರ ಸುತ್ತ ಒಂದು ಸುತ್ತು ಬಂದ.

“ಡಾಕ್ಟರ್ ಸಾಬ್, ಇದು ರೋಡಿನ ಗಾಡಿ. ನೀವು ಇದರ ಜೀವಾನ ತಗೊಂಡ್ರಿ” ಎಂದ. ಆಮೇಲೆ ಗ್ಯಾರೇಜಿನ ಮೂಲೆಯಲ್ಲಿ ತಾಡಪತ್ರಿ ಸರಿಸಿ ಇನ್ನೊಂದು ಬೈಕು ತೋರಿಸಿದ. ಕೊಕ್ಕರೆಯಂತೆ ಉದ್ದ ಕಾಲು, ಮುಂಚಕ್ರದ ಮೇಲೆ ಕೊಕ್ಕಿನಂಥ ಮಡ್‌ಗಾರ್ಡು, ಹಲ್ಲು ಹಲ್ಲಿನ ಟಯರು. ಗುಡ್ಡ ಗಟಾರದಲ್ಲಿ ಓಡಿಸಲೆಂದೇ ಮಾಡಿದ್ದು. ಗೋವಾದ ಸಾವಿಯೊ ಎಂಬುವವನು ಕಾಡಿನ ದಾರಿಯಲ್ಲಿ ಓಡಿಸಿ, ಸೊಂಟ ನೋವು ಮಾಡಿಕೊಂಡು, ಮಾರಲೆಂದು ಬಿಟ್ಟುಹೋಗಿದ್ದ.

“ತಗೋತೀರೇನು?”

“ಹೂಂ.”

ಗೂಳಪ್ಪ ಸೀಟಿನ ಮೇಲೆ ಕುಳಿತರೆ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ತಾಗುತ್ತಿರಲಿಲ್ಲ. ಒಂದು ಕಾಲಿನ ತುದಿ ತಾಗುತ್ತಿತ್ತು. ಹತ್ತಲು ಕಲ್ಲೋ ಕಟ್ಟೆಯೋ ಬೇಕಾಗುತ್ತಿತ್ತು. ಸ್ವಲ್ಪ ದಿನದಲ್ಲಿ ಜೋಯಿಡಾದ ಹಳ್ಳಿಗಳ ಕೊಟ್ಟಿಗೆಗಳ ಮುಂದೆ ಒಂದೊಂದು ಚೀರೆಕಲ್ಲು ಕಾಣಿಸಿಕೊಂಡಿತು. ಯಾರೂ ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಬೈಕು ಮಾತ್ರ ಬೇರು, ಬಂಡೆ, ಹಳ್ಳ ಯಾವುದನ್ನೂ ಲೆಕ್ಕಕ್ಕಿಡದೆ ಹತ್ತುತ್ತಿತ್ತು. ಅದರ ಮೇಲೆ ಕುಳಿತಾಗ ಗೂಳಪ್ಪನಿಗೆ ಒಂದು ರೀತಿಯ ಸುಖವಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಎಣ್ಣೆ ಬದಲಿಸುವ ಹೊತ್ತು ಬಂತು. ಅಲ್ಲಿಂದ ತೊಂದರೆ ಶುರುವಾಯಿತು.

ಪಶು ಆಸ್ಪತ್ರೆಯ ಅಂಗಳದಲ್ಲಿ ಒಬ್ಬ ದಪ್ಪ ಎಣ್ಣೆ ಹಾಕಿಸು ಎಂದ. ಇನ್ನೊಬ್ಬ ತೆಳು ಎಣ್ಣೆ ಎಂದ. ಮೂರನೆಯವನು, ಟ್ರ್ಯಾಕ್ಟರಿನ ಎಣ್ಣೆ ಹಾಕಿದರೆ ಗಾಡಿ ಟ್ರ್ಯಾಕ್ಟರಿನಂತೆಯೇ ಎಳೆಯುತ್ತದೆ ಎಂದ. ಗೂಳಪ್ಪ ಮೂವರಿಗೂ ಹೂಂ ಎಂದು, ಯಾವುದನ್ನು ಹಾಕಿಸಬೇಕೆಂದು ತಿಳಿಯದೆ ಮನೆಗೆ ಬಂದ. ಮನೆಯಲ್ಲಿ ಮಾವ ಶಿವಲಿಂಗಪ್ಪನವರು ಕುಳಿತಿದ್ದರು.

ಶಿವಲಿಂಗಪ್ಪನವರದು ಹಳಿಯಾಳದ ಬಸ್ ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರಿನ ಬಿಡಿಭಾಗ ಮತ್ತು ಎಣ್ಣೆಯ ಅಂಗಡಿ. ದೊಡ್ಡ ಶರೀರ, ಹಣೆ ತುಂಬ ವಿಭೂತಿ, ಎದುರಿನವನ ಮಾತು ಮುಗಿಯುವ ಮೊದಲೇ ಬಿಲ್ಲು ಬರೆಯುವ ಅಭ್ಯಾಸ. ಅಳಿಯನೆಂದರೆ ಅವರಿಗೆ ಬಹಳ ಪ್ರೀತಿ. ನಲವತ್ತು ವರ್ಷದ ವ್ಯಾಪಾರದಲ್ಲಿ ಅವರ ಮಾತಿಗೆ ಚೌಕಾಸಿ ಮಾಡದ ಮನುಷ್ಯ ಅವನೊಬ್ಬನೇ. ಅಂದು ಅವರು ಪೇಪರಿನಲ್ಲಿ ಸುತ್ತಿದ ಡಬ್ಬಿಯೊಂದನ್ನು ತಂದಿದ್ದರು.

“ಅಳಿಯಾರ, ನಿಮ್ಮ ಗಾಡಿ ಸುದ್ದಿ ಸುನಂದಾ ಹೇಳಿದ್ಲು. ಇದನ್ನ ಹಾಕ್ರಿ. ಪೂರಾ ಸಿಂಥೆಟಿಕ್. ನೀರಿನಕಿಂತ ತೆಳು, ತುಪ್ಪದಕಿಂತ ತುಟ್ಟಿ. ದೊಡ್ಡ ದೊಡ್ಡ ಕಾರಿಗೆ ಹಾಕತಾರ.”

“ಇದು ಬೈಕ್ ಐತ್ರಿ, ಮಾವಾರ” ಎಂದ ಗೂಳಪ್ಪ. ಅವನ ಮಟ್ಟಿಗೆ ಅದು ಭಾಷಣ.

“ಕಾರಿಗೆ ನಡೆಯೂದು ಬೈಕಿಗೆ ನಡೆಯೂದಿಲ್ಲೇನ್ರಿ? ರಾಜನ ಊಟಾ ಆಳಿಗೆ ಹಾಕಿದ್ರ ಆಳು ಸಾಯ್ತಾನೇನು? ಇಂಜಿನ್ನಿನೊಳಗ ಜಾರಬಂಡಿ ಇಟ್ಟಂಗ ಆಗತೈತಿ, ನೋಡ್ತಿರ್ರಿ.”

“ಹೂಂರಿ.”

ಹಸನಸಾಬ ಡಬ್ಬಿಯ ಮುಚ್ಚಳ ತೆಗೆದು ಮೂಸಿದ. ಎರಡು ಬೆರಳಿನ ನಡುವೆ ಒಂದು ಹನಿ ಉಜ್ಜಿ ನೋಡಿದ. “ಪಾನಿ ಇದ್ದಂಗ ಐತಿ. ಆದ್ರ ಸೀಲ್ ಐತಿ, ಕಂಪನಿ ಮಾಲು. ಚಲೋನ ಇರಬೇಕು” ಎಂದ. ಅವನ ಗ್ಯಾರೇಜಿನ ಬ್ಯಾರಲ್ಲಿನಲ್ಲಿ ಯಾವಾಗಲೂ ಒಂದೇ ಬಗೆಯ ಎಣ್ಣೆ ಇರುತ್ತಿತ್ತು. ಅವನ ಪ್ರಕಾರ ಎಣ್ಣೆಯಲ್ಲಿ ಎರಡೇ ಜಾತಿ: ಹೊಸದು, ಹಳೆಯದು. ಹಳೆಯದನ್ನು ಇಳಿಸಿ ಹೊಸದನ್ನು ಹೊಯ್ದ.

ಮೊದಲಿಗೆ ಎಲ್ಲವೂ ಸರಿಯಾಗೇ ಇತ್ತು. ಇಂಜಿನ್ನಿನ ಸದ್ದು ಇಳಿಯಿತು. ಶಿವಲಿಂಗಪ್ಪನವರು ಫೋನು ಮಾಡಿ “ಹೆಂಗೈತ್ರಿ ಗಾಡಿ?” ಎಂದು ಕೇಳಿದರೆ ಗೂಳಪ್ಪ “ಚಲೋ ಐತ್ರಿ” ಎಂದು ನಿಜವನ್ನೇ ಹೇಳಿದ. ಅವರು ಅಂಗಡಿಗೆ ಬಂದವರಿಗೆಲ್ಲ ಅಳಿಯನ ಬೈಕಿನ ಕಥೆ ಹೇಳತೊಡಗಿದರು. ನಾಲ್ಕಾರು ಜನ ಡಬ್ಬಿ ಒಯ್ದದ್ದೂ ಉಂಟು.

ಒಂದು ಬೆಳಿಗ್ಗೆ ಫಣಸವಾಡಿಯಿಂದ ಪುಂಡಲೀಕ ಫೋನು ಮಾಡಿದ. ಜೋಯಿಡಾದ ಒಳಗೆ, ಗುಡ್ಡದ ನೆತ್ತಿಯ ಮೇಲಿರುವ ನಾಲ್ಕು ಮನೆಯ ಊರು ಅದು. ಪುಂಡಲೀಕ ಅಲ್ಲಿಯ ರೈತ. ಮನೆಮಾತು ಕೊಂಕಣಿ, ಕನ್ನಡ ವ್ಯವಹಾರಕ್ಕೆ. “ಡಾಕ್ಟರ, ನಮ್ಮ ಕಪಿಲಿ ಬೆದಿಗೆ ಬಂದೈತಿ. ಮುಂಜಾನಿಂದ ಕೂಗಾಕ ಹತ್ತೈತಿ. ಲಗೂನ ಬರ್ರಿ.”

ಮಧ್ಯಾಹ್ನದ ಹೊತ್ತಿಗೆ ಗೂಳಪ್ಪ ಹಳ್ಳ ದಾಟಿ ಗುಡ್ಡದ ಬುಡಕ್ಕೆ ಬಂದ. ಮೊದಲ ತಿರುವು ಹತ್ತಿದ. ಎರಡನೆಯ ತಿರುವಿನಲ್ಲಿ, ಏರು ಕಡಿದಾಗುವಲ್ಲಿ, ಎಂದಿನಂತೆ ಎಕ್ಸಿಲರೇಟರಿನ ಕಿವಿ ತಿರುವಿದ. ಇಂಜಿನ್ನು ಕೂಗಿತು. ಬೈಕು ಹೋಗಲಿಲ್ಲ. ಇನ್ನೂ ತಿರುವಿದ. ಇಂಜಿನ್ನು ಇಡೀ ಕಾಡಿಗೆ ಕೇಳುವಂತೆ ಅರಚಿತು; ಚಕ್ರ ತನಗೂ ಅದಕ್ಕೂ ಪರಿಚಯವೇ ಇಲ್ಲವೆಂಬಂತೆ ನಿಂತಿತ್ತು. ಆಮೇಲೆ ಬೈಕು ನಿಧಾನವಾಗಿ ಹಿಂದಕ್ಕೆ ಜಾರಿತು. ಗೂಳಪ್ಪನ ಕಾಲು ನೆಲಕ್ಕೆ ಸರಿಯಾಗಿ ತಾಗುವುದಿಲ್ಲವಾದ್ದರಿಂದ ಅವನೂ ಅದರ ಜೊತೆ ಜಾರಿ, ಕೌಳಿಯ ಮುಳ್ಳುಪೊದೆಯೊಳಗೆ ಹೋಗಿ ಬಿದ್ದ.

ಬಿದ್ದವನು ಮೊದಲು ನೋಡಿದ್ದು ಸಾರಜನಕದ ಡಬ್ಬಿಯನ್ನು. ಅದು ಸರಿಯಾಗಿತ್ತು. ಮೊಣಕೈ ಸರಿಯಾಗಿರಲಿಲ್ಲ. ಬೈಕನ್ನು ಮರಕ್ಕೆ ಆನಿಸಿ, ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದ. ಅಂಗಳಕ್ಕೆ ಬಂದಾಗ ತಲೆಯ ಮೇಲೆ ಸಣ್ಣಗೆ ಹೊಗೆಯಾಡುತ್ತಿತ್ತು, ಮುಖದಿಂದ ನೀರಿಳಿಯುತ್ತಿತ್ತು.

“ಯಾ ಡಾಕ್ಟರ, ಬರ್ರಿ” ಎಂದ ಪುಂಡಲೀಕ. “ಗಾಡಿ ಸಪ್ಪಳ ಕೇಳಿತು. ಭಾಳ ದೊಡ್ಡದು ಕೇಳಿತು. ಗಾಡಿ ಎಲ್ಲಿ?”

“ಕೆಳಗ.”

“ಸಪ್ಪಳ ಅಷ್ಟ ಮ್ಯಾಲ ಬಂತೇನು?”

“ಹೂಂ.”

ಬಿಸಿನೀರು ತರಿಸಿ, ಕಡ್ಡಿಯನ್ನು ಹದವಾದ ಬಿಸುಪಿನಲ್ಲಿ ಕರಗಿಸಿ, ಕಪಿಲೆಯ ಕೆಲಸ ಮುಗಿಸಿದ. ಕೈ ತೊಳೆದು ಬೆಲ್ಲ ನೀರು ಕುಡಿಯುತ್ತ ಕುಳಿತಾಗ ಸಾವಿಯೊನ ನೆನಪಾಯಿತು. ಬೈಕಿನ ಕಾಗದ ಬದಲಿಸುವಾಗ ತೆಗೆದುಕೊಂಡಿದ್ದ ನಂಬರು ಫೋನಿನಲ್ಲಿತ್ತು. ಆದರೆ ಸಾವಿಯೊನಿಗೆ ಕನ್ನಡ ಬಾರದು, ಗೂಳಪ್ಪನಿಗೆ ಕೊಂಕಣಿ ಬಾರದು. ಇಬ್ಬರ ನಡುವೆ ಪುಂಡಲೀಕನಿದ್ದ. ಅವನಿಗೆ ಬೈಕು ಬಾರದು.

ಫಣಸವಾಡಿಯಲ್ಲಿ ಸಿಗ್ನಲ್ಲು ಸಿಗುವುದು ಗೊಬ್ಬರದ ಗುಂಡಿಯ ದಂಡೆಯ ಮೇಲೆ ಮಾತ್ರ. ಇಬ್ಬರೂ ಅಲ್ಲಿ ಹೋಗಿ ಅಕ್ಕಪಕ್ಕ ನಿಂತರು. ಪುಂಡಲೀಕ ಸ್ಪೀಕರ್ ಹಚ್ಚಿ ಕೊಂಕಣಿಯಲ್ಲಿ ಮೊದಲು ಸಾವಿಯೊನ ಊರು, ಮನೆ, ಸೊಂಟ ಎಲ್ಲ ವಿಚಾರಿಸಿದ. ಆಮೇಲೆ ವಿಷಯಕ್ಕೆ ಬಂದ.

“ಗಾಡಿಗೆ ಯಾವ ಎಣ್ಣಿ ಹಾಕೀರಿ ಅಂತ ಕೇಳ್ತಾನು.”

“ಕಾರಿಂದು. ಪೂರಾ ಸಿಂಥೆಟಿಕ್.”

ಪುಂಡಲೀಕ ಅದನ್ನು ಹೇಳಿದ. ಸಿಗ್ನಲ್ಲು ಹೋಯಿತೆಂದು ಪುಂಡಲೀಕ ಫೋನನ್ನು ಮೇಲೆತ್ತಿದ. ಆಗ ಸಾವಿಯೊ ಮಾತಾಡಿದ, ಬಹಳ ಹೊತ್ತು ಮಾತಾಡಿದ. ಪುಂಡಲೀಕ ತಲೆಯಾಡಿಸುತ್ತ ಕೇಳಿದ.

“ಏನಂತ್ರಿ?”

“ಬೈತಾನು. ಅದನ್ನ ಬಿಡ್ರಿ. ಹಿಂಗ ಐತಂತ ನೋಡ್ರಿ: ಕಾರಿನಾಗ ಕ್ಲಚ್ ಹೊರಗ ಇರ್ತೈತಿ, ಒಣಾ. ಇದರಾಗ ಕ್ಲಚ್ ಇಂಜಿನ್ ಎಣ್ಣಿಯೊಳಗ ಕುಂತಿರ್ತೈತಿ. ಎಮ್ಮಿ ಹೊಂಡದಾಗ ಕುಂತಂಗ. ಅದು ಕುಡಿಯೂದು ಅದನ್ನ, ಮೈ ತೊಳಿಯೂದೂ ಅದರಾಗ. ಕಾರಿನ ಎಣ್ಣಿಗೆ ಜಾರೂ ಮದ್ದು ಕೂಡಿಸಿರ್ತಾರ. ಅದು ಬಿತ್ತಂದ್ರ ಕ್ಲಚ್ಚಿನ ಬಿಲ್ಲಿ ಒಂದನ್ನೊಂದು ಹಿಡಿಯೂದಿಲ್ಲ. ಇಂಜಿನ್ ತಿರಗತೈತಿ, ಗಾಲಿ ಸುಮ್ಮ ಕುಂದ್ರತೈತಿ.”

ಗೂಳಪ್ಪ ಗುಡ್ಡದ ಕೆಳಗೆ ನೋಡಿದ. “ಹಂಗ ಆತ್ರಿ” ಎಂದ. “ಯಾವುದು ಹಾಕಬೇಕಂತ ಕೇಳ್ರಿ.”

ಮತ್ತೆ ಕೊಂಕಣಿ. ಮತ್ತೆ ತಲೆಯಾಟ.

“ಡಬ್ಬಿ ಮ್ಯಾಲ ‘ಎಂಎ’ ಅಂತ ಬರದಿರಬೇಕು. ‘ಎಂಎ-ಟು’ ಇದ್ರ ಇನ್ನೂ ಚಲೋ. ಅದಿಲ್ಲಂದ್ರ ಬಂಗಾರದ ಎಣ್ಣಿ ಇದ್ರೂ ಬ್ಯಾಡ ಅಂತಾನು. ಆಮ್ಯಾಲ ಹತ್ತು-ಡಬ್ಲ್ಯೂ-ನಲವತ್ತು. ಮುಂದಿನ ಅಂಕಿ ತಂಪಿಗೆ, ಹಿಂದಿನ ಅಂಕಿ ಕಾವಿಗೆ. ಬ್ಯಾಸಿಗ್ಯಾಗ ದಿನಾ ಮದಲನೇ ಗೇರಿನಾಗ ಗುಡ್ಡಾ ಹತ್ತೂದಿದ್ರ ಗಾಳಿ ತಾಗೂದಿಲ್ಲ, ಇಂಜಿನ್ ಕಾಯ್ತೈತಿ. ಆಗ ಹಿಂದಿನ ಅಂಕಿ ಐವತ್ತರದು ಹಾಕಿದ್ರೂ ನಡೀತೈತಿ. ಹಳ್ಳಾ ದಾಟಿದ ಮ್ಯಾಲ ಇಂಜಿನ್ ಬದಿಗೆ ಇರೂ ಕಾಜಿನಾಗ ನೋಡ್ರಿ. ಎಣ್ಣಿ ಹಾಲು ಹಾಕಿದ ಚಾದಂಗ ಕಂಡ್ರ ನೀರು ಹೊಕ್ಕೈತಿ, ಆವತ್ತ ಬದಲಿ ಮಾಡ್ರಿ.” ಪುಂಡಲೀಕ ಉಸಿರು ತೆಗೆದುಕೊಂಡ. “ಇಷ್ಟೆಲ್ಲಾ ನಮ್ಮ ಎಮ್ಮಿಗೂ ಮಾಡಿಲ್ಲ ನಾನು.”

ತಂಪು ಕಾವಿನ ಲೆಕ್ಕ ಗೂಳಪ್ಪನಿಗೆ ಬೇಗ ಹತ್ತಿತು. ಅವನ ಕಡ್ಡಿಗಳದ್ದೂ ಅದೇ ಹಣೆಬರಹ. ಎಲ್ಲಿ ಎಷ್ಟು ಚಳಿ, ಎಲ್ಲಿ ಎಷ್ಟು ಬೆಚ್ಚಗೆ ಎಂಬುದರಲ್ಲೇ ಇರುವುದು ಎಲ್ಲ. ಜಾರುವ ಮದ್ದು ಮಾತ್ರ ಹೊಸದು. ಮಾವ ಹೇಳಿದ ಜಾರಬಂಡಿ ಸುಳ್ಳಾಗಿರಲಿಲ್ಲ. ಅವರು ಹೇಳಿದ ಹಾಗೆಯೇ ಆಗಿತ್ತು.

ಇಳಿಜಾರಿನಲ್ಲಿ ಕ್ಲಚ್ಚಿನ ಹಂಗಿಲ್ಲ. ಬೈಕು ತಾನಾಗಿಯೇ ಇಳಿಯಿತು. ಡಾಂಬರು ರಸ್ತೆಯಲ್ಲಿ ಅದನ್ನು ಬಸುರಿಯನ್ನು ಕರೆದೊಯ್ಯುವಂತೆ ಮೆಲ್ಲಗೆ ನಡೆಸಿಕೊಂಡು ದಾಂಡೇಲಿಗೆ ಬಂದ.

ಮರುದಿನ ಬಿಡಿಭಾಗದ ಅಂಗಡಿಯಲ್ಲಿ ಒಂದೊಂದೇ ಡಬ್ಬಿ ತಿರುಗಿಸಿ ಹಿಂಬದಿ ಓದತೊಡಗಿದ. ಅಂಗಡಿಯವನು ಸ್ವಲ್ಪ ಹೊತ್ತು ನೋಡಿ ಕೇಳಿದ: “ಯಾವ ಕಂಪನಿದು ಬೇಕ್ರಿ?”

“ಎಂಎ-ಟು.”

“ಆ ಕಂಪನಿದು ನಮ್ಮಲ್ಲಿ ಬರೂದಿಲ್ರಿ.”

“ಐತಿ” ಎಂದು ಗೂಳಪ್ಪ ಅವನ ಹಿಂದಿನ ಗೂಡಿನಲ್ಲಿದ್ದ ಡಬ್ಬಿಯನ್ನು ತೋರಿಸಿದ. ಹತ್ತು-ಡಬ್ಲ್ಯೂ-ನಲವತ್ತು. ಹಿಂಬದಿಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಎಂಎ-ಟು. ಅಂಗಡಿಯವನು ಅದನ್ನು ಕನ್ನಡಕ ಹಾಕಿಕೊಂಡು ನೋಡಿ, ಬಿಲ್ಲು ಬರೆದ.

ಹಸನಸಾಬ ಇಂಜಿನ್ನಿನ ಬದಿ ಬಿಚ್ಚಿ ಕ್ಲಚ್ಚಿನ ಬಿಲ್ಲೆಗಳನ್ನು ಹೊರಗೆ ತೆಗೆದ. ಸವೆದಿರಲಿಲ್ಲ, ಆದರೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಗೂಳಪ್ಪ ಗುಂಡಿಯ ದಂಡೆಯ ಮೇಲೆ ಕೇಳಿದ್ದನ್ನು ಹೇಳಿದ. ಹಸನಸಾಬ ಬಿಲ್ಲೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತ.

“ಹೋದ ಮಳಿಗಾಲದಾಗ ಒಬ್ಬನ ಗಾಡಿ ಹಿಂಗ ಮಾಡಿತ್ತು. ನಾನು ಪ್ಲೇಟು ಹಾಳಾಗ್ಯಾವ ಅಂತ ಹೊಸಾವ ಹಾಕಿದೆ. ಎಣ್ಣಿ ಮಾತ್ರ ಇದ್ದದ್ದನ್ನ ಬಿಟ್ಟಿದ್ದೆ” ಎಂದ. ಆಮೇಲೆ, “ತೋಬಾ” ಎಂದು ಬಿಲ್ಲೆಗಳನ್ನು ಪೆಟ್ರೋಲಿನಲ್ಲಿ ತೊಳೆದು, ಹೊಸ ಎಣ್ಣೆಯಲ್ಲಿ ನೆನೆಹಾಕಿ, ತಿರುಗಿ ಕೂಡಿಸಿದ. ಆ ಗಾಡಿಯವನಿಗೆ ಅಂದೇ ಫೋನು ಮಾಡಿ, ಎಣ್ಣೆ ಬದಲಿಸಿ ಕೊಡುತ್ತೇನೆ ಬಾ ಎಂದು ಕರೆದನಂತೆ. ಬೈಕು ಮತ್ತೆ ಮೊದಲಿನಂತೆ ಗುಡ್ಡ ಹತ್ತಿತು.

ಉಳಿದದ್ದು ಮಾವ.

ಅವರಿಗೆ ಹೇಳುವುದೆಂದರೆ ‘ಇಲ್ಲ’ ಎನ್ನಬೇಕು. ಗೂಳಪ್ಪ ಆ ಪದವನ್ನು ಬಾಯೊಳಗೆ ಒಂದೆರಡು ಸಲ ತಿರುವಿ ನೋಡಿದ, ಹೊರಗೆ ಬರಲಿಲ್ಲ. ಎಣ್ಣೆ ಬದಲಿಸುವ ಹೊತ್ತಾಯಿತೆಂದು ಲೆಕ್ಕ ಹಾಕಿ ಶಿವಲಿಂಗಪ್ಪನವರು ಹಳಿಯಾಳದ ಬಸ್ಸಿನಲ್ಲಿ ಡಬ್ಬಿ ಕಳಿಸುತ್ತಿದ್ದರು. ಗೂಳಪ್ಪ ಹೋಗಿ ಇಸಿದುಕೊಂಡು ಬರುತ್ತಿದ್ದ. “ಹಾಕಿದ್ರೇನ್ರಿ?” ಎಂದರೆ “ಹೂಂರಿ” ಎನ್ನುತ್ತಿದ್ದ. ಇದೊಂದು ಹೂಂ ಸುಳ್ಳಾದ್ದರಿಂದ, ಹೇಳಿದ ಕೂಡಲೇ ಫೋನು ಇಟ್ಟುಬಿಡುತ್ತಿದ್ದ. ಡಬ್ಬಿಗಳು ಮಂಚದ ಕೆಳಗೆ ಸಾಲುಗಟ್ಟಿದವು. ಸುನಂದಾ ಒಂದನ್ನು ಒಡೆದು ಹೊಲಿಗೆ ಯಂತ್ರಕ್ಕೆ, ಬಾಗಿಲಿನ ತಿರುಗಣಿಗಳಿಗೆ, ಗೇಟಿಗೆ ಹಾಕಿದಳು. ಆ ಮನೆಯಲ್ಲಿ ಯಾವ ಬಾಗಿಲೂ ಸದ್ದು ಮಾಡದಾಯಿತು. ಯಾರು ಒಳಗೆ ಬಂದರು, ಯಾರು ಹೋದರು ಎಂದು ತಿಳಿಯುತ್ತಿರಲಿಲ್ಲ.

ಹಾಗೆ ಸದ್ದಿಲ್ಲದೆ ಒಂದು ದಿನ ಶಿವಲಿಂಗಪ್ಪನವರೇ ಒಳಗೆ ಬಂದು ನಿಂತಿದ್ದರು. ಕೈಯಲ್ಲಿ ಚೀಲ.

“ಅಳಿಯಾರ, ಒಬ್ಬ ಗಿರಾಕಿ ಬಂದು ಜಗಳಾ ತಗದ. ನಿಮ್ಮ ಎಣ್ಣಿ ಹಾಕಿದ ಮ್ಯಾಲ ಬೈಕ್ ಏರು ಹತ್ತವಲ್ದು ಅಂದ. ನಮ್ಮ ಅಳಿಯಾರು ಜೋಯಿಡಾ ಗುಡ್ಡಾನ ಹತ್ತತಾರ, ನಿನಗ ಹೊಡಿಯಾಕ ಬರೂದಿಲ್ಲ ಅಂದು ಕಳಿಸಿನಿ. ಇವತ್ತ ನಾನೂ ನಿಮ್ಮ ಹಿಂದ ಕುಂತು ಆ ಗುಡ್ಡಾ ನೋಡ್ತೇನಿ. ನಾಳೆ ಯಾರರ ಕೇಳಿದ್ರ ಕಣ್ಣಾರೆ ಕಂಡೇನಿ ಅಂತ ಹೇಳಾಕ ಬೇಕು. ಹೋಗೂಣು ನಡೀರಿ.”

ಅಂದು ಗೂಳಪ್ಪ ಫಣಸವಾಡಿಗೇ ಹೊರಟಿದ್ದ, ಕಪಿಲೆಗೆ ಗಬ್ಬ ನಿಂತಿದೆಯೋ ಇಲ್ಲವೋ ಕೈಹಾಕಿ ನೋಡಲು. ಅದಕ್ಕೆ ಸಾರಜನಕದ ಡಬ್ಬಿ ಬೇಡ. ಹಿಂದಿನ ಸೀಟು ಖಾಲಿಯಿತ್ತು. ಮಾವನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಬೈಕನ್ನು ಅವರ ಪಕ್ಕಕ್ಕೆ ತಂದು, ಹತ್ತಿಸಿಕೊಂಡ. ಬೈಕಿನ ಹಿಂಭಾಗ ಕುಸಿದು, ಮೊದಲ ಸಲ ಗೂಳಪ್ಪನ ಎರಡೂ ಕಾಲು ನೆಲಕ್ಕೆ ತಾಗಿದವು.

ಶಿವಲಿಂಗಪ್ಪನವರು ಹಳ್ಳದಲ್ಲಿ ‘ಶಿವಶಿವಾ’ ಎಂದರು, ಮೊದಲ ತಿರುವಿನಲ್ಲಿ ಅಳಿಯನ ಸೊಂಟ ಹಿಡಿದರು, ಎರಡನೆಯ ತಿರುವಿನಲ್ಲಿ ಕಣ್ಣು ಮುಚ್ಚಿದರು. ಬೈಕು ಇಬ್ಬರನ್ನೂ ಹೊತ್ತು ಹತ್ತಿತು. ಪುಂಡಲೀಕನ ಅಂಗಳದಲ್ಲಿ ಇಳಿದ ಮೇಲೆ ಅವರು ಧೋತರ ಸರಿಮಾಡಿಕೊಂಡು, ತಾವೇ ಎಳೆದು ತಂದವರಂತೆ ಬೈಕಿನ ಬೆನ್ನು ತಟ್ಟಿದರು.

“ನೋಡಿದ್ರ್ಯಾ ನಮ್ಮ ಎಣ್ಣಿ?”

ಗೂಳಪ್ಪ ಕೊಟ್ಟಿಗೆಗೆ ಹೋದ. ತೋಳಿನವರೆಗೆ ಕೈಗವಸು ಹಾಕಿ ಪರೀಕ್ಷಿಸಿದ. “ಗಬ್ಬ ಐತಿ” ಎಂದ. ಪುಂಡಲೀಕ ಕೈಮುಗಿದು ಒಳಗೆ ಹೋಗಿ ಬೆಲ್ಲ, ನೀರು ತಂದ. ಅಷ್ಟರಲ್ಲಿ ಶಿವಲಿಂಗಪ್ಪನವರು ಚೀಲದಿಂದ ಹೊಸ ಡಬ್ಬಿ ತೆಗೆದು ಜಗುಲಿಯ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ನಟ್ಟು ಬಿಚ್ಚುವ ಒಂದು ಪಾನಾ, ಎಣ್ಣೆ ಹೊಯ್ಯಲು ಒಂದು ಲಾಳಿಕೆ. ಎಲ್ಲ ಸಿದ್ಧ ಮಾಡಿಕೊಂಡೇ ಬಂದಿದ್ದರು.

“ಹಳೇದನ್ನ ಇಲ್ಲೇ ಇಳಸ್ರಿ. ಇವರ ಮುಂದ ಹೊಸಾದು ಹಾಕಿ, ಇನ್ನೊಮ್ಮೆ ಕೆಳಗ ಹೋಗಿ ಮ್ಯಾಲ ಬರೂಣು. ಜೋಯಿಡಾದ ಮಂದಿಗೂ ತಿಳೀಲಿ.”

ಗೂಳಪ್ಪ ಡಬ್ಬಿಯನ್ನು ನೋಡಿದ. ಬೈಕನ್ನು ನೋಡಿದ. ಈ ಮಾವನನ್ನು ಹಿಂದೆ ಕೂರಿಸಿಕೊಂಡು, ಆ ಎಣ್ಣೆಯಲ್ಲಿ, ಆ ಎರಡನೆಯ ತಿರುವಿನಲ್ಲಿ ಹಿಂದಕ್ಕೆ ಜಾರುವುದು ಅವನ ಕಣ್ಣಿಗೆ ಕಟ್ಟಿತು.

“ಇಲ್ರಿ, ಮಾವಾರ” ಎಂದ.

“ಏನಂದ್ರಿ?”

“ಹಾಕೂದಿಲ್ರಿ.”

“ಯಾಕ?”

ಅವನು ಇಷ್ಟು ವರ್ಷ ತಪ್ಪಿಸಿಕೊಂಡು ಬಂದ ಪ್ರಶ್ನೆ ಬಂದೇ ಬಂತು. ಉತ್ತರ ಕೊಡದೆ ದಾರಿಯಿರಲಿಲ್ಲ. “ನಿಮ್ಮ ಎಣ್ಣಿ ಕೆಟ್ಟದ್ದಲ್ರಿ. ಕಾರಿಗೆ ಚಲೋ. ಕಾರಿನಾಗ ಕ್ಲಚ್ ಹೊರಗ ಇರ್ತೈತಿ. ಇದರಾಗ ಎಣ್ಣಿಯೊಳಗ ಇರ್ತೈತಿ. ಇಂಜಿನ್ನಿಗೆ ಜಾರಬೇಕು, ಕ್ಲಚ್ಚಿಗೆ ಹಿಡೀಬೇಕು. ನಿಮ್ಮ ಎಣ್ಣಿ ಎಲ್ಲಾನೂ ಜಾರಸತೈತಿ. ಒಮ್ಮೆ ಹಾಕಿ ಬಿದ್ದೇನ್ರಿ. ಆ ಗಿರಾಕಿ ಹೇಳಿದ್ದು ಖರೇ ಐತಿ. ಈಗ ಇದರಾಗ ಇರೂದು ಬ್ಯಾರೇ ಎಣ್ಣಿ.” ಒಂದು ಕ್ಷಣ ನಿಂತು, ಹೇಳಿದ ಮೇಲೆ ಪೂರ್ತಿ ಹೇಳಿಬಿಡುವುದೇ ಲೇಸೆಂದು, “ನೀವು ಕಳಿಸಿದ ಡಬ್ಬಿ ಮಂಚದ ಬುಡಕ ಅದಾವು. ಒಂದನ್ನ ಬಾಗಿಲಕ್ಕ ಹಾಕೇವ್ರಿ” ಎಂದ.

ಶಿವಲಿಂಗಪ್ಪನವರು ಜಗುಲಿಯ ಮೇಲೆ ಕುಳಿತರು. ಎಲೆ ಅಡಿಕೆಯ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿದರು. ಬಹಳ ಹೊತ್ತು ಸವರಿದರು. ಗೂಳಪ್ಪ ನಿಂತೇ ಇದ್ದ. ಕ್ಷಮೆ ಕೇಳಬೇಕೆನ್ನಿಸಿತು, ಆದರೆ ಕೇಳಿದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡಂತಾಗುತ್ತದೆಂದು ಸುಮ್ಮನಾದ.

“ಹದಿನೆಂಟು ವರ್ಷ ಆತು ನಿಮಗ ಮಗಳನ್ನ ಕೊಟ್ಟು” ಎಂದರು ಕೊನೆಗೆ. “ನಿಮ್ಮ ಬಾಯಾಗ ಇಷ್ಟ ಮಾತು ಅದಾವು ಅಂತ ಗೊತ್ತಿರಲಿಲ್ಲ.” ಎಲೆ ಬಾಯಿಗಿಟ್ಟುಕೊಂಡು ಡಬ್ಬಿಯ ಕಡೆ ನೋಡಿದರು. “ಹಂಗಾರ ಇದನ್ನ ಏನು ಮಾಡೂದು?”

ಪುಂಡಲೀಕ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿದ. “ಇದು ಕಾರಿಂದು ಹೌದಲ್ರಿ? ನನ್ನ ಹೇಣ್ತಿ ತಮ್ಮ ಕಾರವಾರದಾಗ ಟ್ಯಾಕ್ಸಿ ಹೊಡೀತಾನು.”

ಶಿವಲಿಂಗಪ್ಪನವರ ಬೆನ್ನು ನೆಟ್ಟಗಾಯಿತು.

“ಯಾವ ಕಾರು?”

ಪುಂಡಲೀಕ ಹೇಳಿದ.

“ಅದಕ್ಕ ಇದನ್ನ ಬಿಟ್ರ ಬ್ಯಾರೇ ಎಣ್ಣಿನ ಇಲ್ಲ” ಎಂದರು ಶಿವಲಿಂಗಪ್ಪನವರು.

ಪುಂಡಲೀಕನ ಹತ್ತಿರ ರೊಕ್ಕವಿರಲಿಲ್ಲ. ಒಣಗಿಸಿದ ಮುರುಗಲ ಹಣ್ಣಿನ ಸಿಪ್ಪೆಯಿತ್ತು, ಜೇನಿತ್ತು. ಶಿವಲಿಂಗಪ್ಪನವರು ಮುರುಗಲನ್ನು ಮೂಸಿ ನೋಡಿ, ಇದು ಹೋದ ವರ್ಷದ್ದು ಎಂದರು. ಪುಂಡಲೀಕ, ಡಬ್ಬಿಯ ಮೇಲೂ ಹೋದ ವರ್ಷದ ತಾರೀಖೇ ಇದೆ ಎಂದ. ಎಣ್ಣೆ ಕೆಡುವುದಿಲ್ಲ ಎಂದರು ಇವರು. ಮುರುಗಲೂ ಕೆಡುವುದಿಲ್ಲ ಎಂದ ಅವನು. ಇಬ್ಬರೂ ಬೆಟ್ಟದ ನೆರಳು ಅಂಗಳಕ್ಕೆ ಬರುವವರೆಗೆ ಮಾತಾಡಿದರು. ಕೊನೆಗೆ ಮಂಚದ ಕೆಳಗಿನ ಡಬ್ಬಿಗಳೂ ಸೇರಿ ವ್ಯಾಪಾರ ಕುದುರಿತು. ಗೂಳಪ್ಪ ಚೀರೆಕಲ್ಲಿನ ಮೇಲೆ ಕುಳಿತು ಇದನ್ನು ನೋಡುತ್ತಿದ್ದ. ಅವನಿಗೆ ಹಸಿವಾಗಿತ್ತು. ಜೊತೆಗೆ, ಬಹಳ ದಿನದಿಂದ ಎಲ್ಲೋ ಕಚ್ಚಿಕೊಂಡಿದ್ದ ಉಣ್ಣಿಯೊಂದು ಕಳಚಿ ಬಿದ್ದಂತೆ ಹಗುರವೂ ಆಗಿತ್ತು.

ಇಳಿಯುವಾಗ ಶಿವಲಿಂಗಪ್ಪನವರು ಒಂದು ಕೈಯಲ್ಲಿ ಮುರುಗಲ ಗಂಟು, ಇನ್ನೊಂದರಲ್ಲಿ ಜೇನಿನ ಬಾಟಲಿ ಹಿಡಿದಿದ್ದರು; ಅಳಿಯನ ಸೊಂಟ ಹಿಡಿಯಲು ಕೈ ಉಳಿದಿರಲಿಲ್ಲ. ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: “ಎಂಎ-ಟು ಅಂದ್ರಲ್ಲ, ಅದು ಡಬ್ಬಿ ಮುಂದ ಇರ್ತೈತೋ ಹಿಂದೋ?”

“ಹಿಂದ್ರಿ. ಸಣ್ಣ ಅಕ್ಷರದಾಗ.”

“ಹುಷಾರಿ ಅದಾರ” ಎಂದರು. ಯಾರನ್ನು ಕುರಿತು ಹೇಳಿದರೋ ತಿಳಿಯಲಿಲ್ಲ.

ದಾಂಡೇಲಿಗೆ ಬಂದು ಅವರನ್ನು ಹಳಿಯಾಳದ ಬಸ್ಸು ಹತ್ತಿಸಿ ಗೂಳಪ್ಪ ಮನೆ ಸೇರುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಮೊದಲೇ ಬಂದಿತ್ತು. ಸುನಂದಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

“ಅಪ್ಪಾ ಹೇಳಿದ್ರು. ಖರೇನೇನ್ರಿ?”

“ಏನು?”

“ಇಲ್ಲ ಅಂದ್ರಂತಲ್ಲ.”

“ಎಣ್ಣಿ ವಿಷಯಕ್ಕ” ಎಂದ ಗೂಳಪ್ಪ.

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ನೀರು ಸವರಿದಳು. “ಸಾಹೇಬ್ರೂ ಫೋನ್ ಮಾಡಿದ್ರು. ಈ ಐತವಾರ ಕುಳಗಿಯಾಗ ಪಶು ಕ್ಯಾಂಪ್ ಐತಂತ, ನೀವ ಹೋಗಬೇಕಂತ. ಸಾಲಾಗಿ ನಾಲ್ಕನೇ ಐತವಾರ ಇದು. ಬಾಯಿ ಬಂದೈತಿ ಅಂದ ಮ್ಯಾಲ ಅವರಿಗೂ ಒಂದು ಮಾತು ಹೇಳ್ರಲ್ಲ.”

ಗೂಳಪ್ಪ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ಕೈ ತೊಳೆದ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೊಳೆದ. ಒರೆಸಿಕೊಂಡು ಬಂದು ತಾಟಿನ ಮುಂದೆ ಕುಳಿತ.

“ಕುಳಗಿ ದಾರಿ ಚಲೋ ಐತಿ” ಎಂದ.

ಸುನಂದಾ ಅವನ ತಾಟಿಗೆ ರೊಟ್ಟಿ ಹಾಕಿದಳು. ಇನ್ನೊಂದು ಬೇಕೇ ಎಂದು ಮಾತ್ರ ಕೇಳಲಿಲ್ಲ; ಬರುವ ‘ಹೂಂ’ಗೆ ಕಾಯದೆ ತಾನೇ ಹಾಕಿದಳು.